ಅವಸರವಿಲ್ಲದ ನಾಲ್ಕು ಹೆಜ್ಜೆ

ಮುಂಬಯಿಯ ತುಳು-ಕನ್ನಡ ಮನೆಗಳಲ್ಲಿ ರಜೆ ಎಂದರೆ ಊರಿಗೆ ಹೋಗುವುದು. ಮಕ್ಕಳ ಪರೀಕ್ಷೆ ಮುಗಿಯುತ್ತಲೇ ಕುರ್ಲಾ ಟರ್ಮಿನಸ್‌ನಲ್ಲಿ ಮಧ್ಯಾಹ್ನದ ಮತ್ಸ್ಯಗಂಧ ರೈಲು ಹತ್ತಿದರೆ ಮರುದಿನ ಬೆಳಿಗ್ಗೆ ಕರಾವಳಿ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾದ ಮೇಲಂತೂ ಘಟ್ಟ ಸುತ್ತಿ ಬರುವ ಬಸ್ಸಿನ ಯಾತನೆಯೂ ತಪ್ಪಿತು. ಆದರೆ ಉಪನಗರ ವಿಕ್ರೋಳಿಯ ಕನ್ನಮ್‌ವಾರ್ ನಗರದಿಂದಲೋ ಪಾರ್ಕ್‌ಸೈಟಿನಿಂದಲೋ ಹೊರಟ ಗೃಹಿಣಿಗೆ ಊರಿನಲ್ಲಿ ಕಾದಿರುವುದೇನು? ಮೇ ತಿಂಗಳೆಂದರೆ ಮದುವೆ, ಗೃಹಪ್ರವೇಶ, ಕೋಲ, ತಂಬಿಲಗಳ ಸಾಲು. ಬಂದ ನೆಂಟರಿಗೆ ಚಾ, ಹೊರಟ ನೆಂಟರಿಗೆ ಬುತ್ತಿ, ನಡುವೆ ಹಪ್ಪಳ-ಸಂಡಿಗೆ. ಅಡುಗೆಮನೆ ಬದಲಾಗುತ್ತದೆಯೇ ಹೊರತು ಅಡುಗೆ ತಪ್ಪುವುದಿಲ್ಲ. ಮನೆಮಂದಿಗೆಲ್ಲ ಸಿಕ್ಕಿದ ರಜೆ ಅವಳೊಬ್ಬಳಿಗೆ ಸಿಕ್ಕಿರುವುದಿಲ್ಲ. ಉಪನಗರದ ನಡುವಯಸ್ಸಿನ ಹೆಂಗಸರಿಗೆ ಬೇಕಾಗಿರುವ ರಜೆ ಇನ್ನೊಂದು ಬಗೆಯದು ಎಂಬುದು ಈ ಲೇಖನದ ವಾದ. ಹತ್ತು-ಹನ್ನೆರಡು ಮಂದಿ ಜೊತೆಗೂಡಿ, ಹತ್ತಿರದ ಹಳ್ಳಿಗಾಡಿನಲ್ಲಿ ಮೂರು-ನಾಲ್ಕು ದಿನ ಉಳಿದು, ದಿನಕ್ಕೆ ಐದಾರು ಕಿಲೋಮೀಟರು ನಿಧಾನವಾಗಿ ನಡೆದು ಬರುವ ರಜೆ ಅದು. ಇದನ್ನು ಏರ್ಪಡಿಸಲು ಪ್ರವಾಸ ಕಂಪನಿಗಳಿಗಿಂತ ನಮ್ಮ ಕನ್ನಡ ಸಂಘಗಳ ಮಹಿಳಾ ವಿಭಾಗಗಳೇ ಹೆಚ್ಚು ತಕ್ಕವು.

ಮೊದಲು ಸಮಯದ ಲೆಕ್ಕ ನೋಡೋಣ. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಗಂಡಸರು 88 ನಿಮಿಷ. ಮಕ್ಕಳ, ಮುದುಕರ ಆರೈಕೆಯ ಹೊತ್ತು ಇದರಲ್ಲಿ ಸೇರಿಲ್ಲ. 2019ರ ಸಮೀಕ್ಷೆಗೆ ಹೋಲಿಸಿದರೆ ಐದು ವರ್ಷದಲ್ಲಿ ಹೆಂಗಸರ ಪಾಲಿನಿಂದ ಇಳಿದದ್ದು ಹತ್ತೇ ನಿಮಿಷ, ಗಂಡಸರ ಪಾಲೂ ಹೆಚ್ಚುಕಡಿಮೆ ಅಷ್ಟೇ ಇಳಿದಿದೆ. ಆ 2019ರ ಅಂಕಿಅಂಶಗಳನ್ನೇ ಇಟ್ಟುಕೊಂಡು ದೆಹಲಿ ಐಐಟಿಯ ರಾಹುಲ್ ಗೋಯಲ್ ಇನ್ನೊಂದು ಪ್ರಶ್ನೆ ಕೇಳಿದರು: ಸಮೀಕ್ಷೆಯ ದಿನ ಮನೆಯಿಂದ ಹೊರಗೆ ಹೆಜ್ಜೆ ಇಟ್ಟವರು ಎಷ್ಟು ಮಂದಿ? ನಗರ ಭಾರತದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಅಂದು ಹೊರಗೇ ಬಂದಿರಲಿಲ್ಲ. ಹಳ್ಳಿಗಳ ಮಾತಲ್ಲ ಇದು, ಪೇಟೆ-ಪಟ್ಟಣಗಳದು. 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ ಭಾರತದ ವಯಸ್ಕ ಮಹಿಳೆಯರಲ್ಲಿ ಶೇ 57 ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆಯಿಲ್ಲ, ಗಂಡಸರಲ್ಲಿ ಈ ಪ್ರಮಾಣ ಶೇ 42. ಈ ಮೂರನ್ನೂ ಒಟ್ಟಿಗಿಟ್ಟು ಓದಿದರೆ ತಿಳಿಯುವುದು ಇಷ್ಟು: ಅವಳು ದಿನವಿಡೀ ದುಡಿಯುತ್ತಾಳೆ, ಆದರೂ ಅವಳ ದೇಹಕ್ಕೆ ಬೇಕಾದ ಚಲನೆ ಸಿಗುತ್ತಿಲ್ಲ. ಒಲೆಯ ಮುಂದೆ ನಿಂತ ಕಾಲು ಊದಿಕೊಳ್ಳುತ್ತದೆ, ನಡಿಗೆಯ ಫಲ ಅದಕ್ಕೆ ದಕ್ಕುವುದಿಲ್ಲ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಸಾಧಾರಣ ಶ್ರಮದ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿರುಸು ನಡಿಗೆ ಅದರಲ್ಲಿ ಎಲ್ಲಕ್ಕಿಂತ ಸುಲಭದ್ದು, ಖರ್ಚಿಲ್ಲದ್ದು.

ಹಾಗಾದರೆ ಬೆಳಿಗ್ಗೆ ಕಾಲೊನಿಯ ಸುತ್ತ ನಡೆದರೆ ಸಾಲದೇ? ಆರೋಗ್ಯದ ಮಟ್ಟಿಗೆ ಸಾಕಾಗಬಹುದು. ಆದರೆ ತೊಡಕು ಬರಿಯ ಆರೋಗ್ಯದ್ದಲ್ಲ. ಮುಂಬಯಿಯ ಸಾರ್ವಜನಿಕ ಜಾಗಗಳಲ್ಲಿ ಹೆಂಗಸರ ಪಾಡನ್ನು ಅಧ್ಯಯನ ಮಾಡಿ ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ 2011ರಲ್ಲಿ ಪ್ರಕಟಿಸಿದ ‘ವೈ ಲಾಯ್ಟರ್?’ ಪುಸ್ತಕ ತೋರಿಸಿದ್ದು ಇದನ್ನೇ. ದೇಶದಲ್ಲೇ ಹೆಂಗಸರಿಗೆ ಸುರಕ್ಷಿತವೆಂದು ಹೆಸರಾದ ಈ ನಗರದಲ್ಲೂ ಹೊರಗೆ ಕಾಣಿಸಿಕೊಳ್ಳುವ ಹೆಂಗಸಿಗೆ ಒಂದು ಕಾರಣ ಇರಲೇಬೇಕು. ಕೈಯಲ್ಲಿ ತರಕಾರಿ ಚೀಲ, ಪಕ್ಕದಲ್ಲಿ ಶಾಲೆಯ ಮಗು, ಹೆಗಲಿಗೆ ಆಫೀಸಿನ ಬ್ಯಾಗು, ಇಲ್ಲವೇ ದೇವಸ್ಥಾನದ ಹೂವು. ಗಂಡಸು ನಾಕೆಯಲ್ಲಿ ಸುಮ್ಮನೆ ನಿಂತರೆ ಯಾರೂ ಕೇಳುವುದಿಲ್ಲ. ವಿಕ್ರೋಳಿ ಸ್ಟೇಷನ್ನಿನ ಹೊರಗಿನ ಚಾ ಅಂಗಡಿ, ಪಾನ್ ಬೀಡಾ ಗೂಡುಗಳ ಮುಂದೆ ಸಂಜೆ ನಿಂತವರನ್ನು ಎಣಿಸಿದರೆ ಸಾಕು, ಈ ಮಾತಿಗೆ ಬೇರೆ ಸಾಕ್ಷಿ ಬೇಡ. ನಡಿಗೆಯ ರಜೆ ಈ ಕಟ್ಟನ್ನು ಸಡಿಲಿಸುತ್ತದೆ. ಅಲ್ಲಿ ನಡೆಯುವುದೇ ಕೆಲಸ. ತರಬೇಕಾದ ಸಾಮಾನಿಲ್ಲ, ಮುಟ್ಟಬೇಕಾದ ಗಂಟೆಯಿಲ್ಲ.

ಹೊರಗೆ ಹೋಗುವ ಆಸೆಯೇ ಹೆಂಗಸರಿಗೆ ಇಲ್ಲ ಎನ್ನುವವರಿಗೆ ಕರ್ನಾಟಕದ ಶಕ್ತಿ ಯೋಜನೆ ಉತ್ತರ ಕೊಟ್ಟಿದೆ. 2023ರ ಜೂನ್ 11ರಂದು ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ತೆಗೆದುಹಾಕಿದ ವಾರದಲ್ಲೇ ಧರ್ಮಸ್ಥಳ, ಸುಬ್ರಹ್ಮಣ್ಯ, ಮಲೆ ಮಹದೇಶ್ವರ ಬೆಟ್ಟದ ಬಸ್ಸುಗಳಲ್ಲಿ ನಿಲ್ಲಲು ಜಾಗವಿರಲಿಲ್ಲ. 2025ರ ಜುಲೈ ಹೊತ್ತಿಗೆ ಆ ಉಚಿತ ಪ್ರಯಾಣಗಳ ಸಂಖ್ಯೆ 500 ಕೋಟಿ ದಾಟಿತು. ಇವರಿಗೆಲ್ಲ ಮನೆಯಲ್ಲಿ ಕೆಲಸವಿಲ್ಲವೇ ಎಂದು ಗೇಲಿ ಮಾಡಿದವರು ಬಹಳ. ಆ ಗೇಲಿಯೇ ಹೇಳುತ್ತದೆ, ಎಷ್ಟು ವರ್ಷದಿಂದ ಎಷ್ಟು ಹೆಂಗಸರು ಟಿಕೆಟ್ಟಿನ ನೂರಿನ್ನೂರು ರೂಪಾಯಿ ಕೇಳಲಾರದೆ ಮನೆಯಲ್ಲೇ ಕುಳಿತಿದ್ದರೆಂದು. ಮಹಾರಾಷ್ಟ್ರದಲ್ಲೂ 2023ರ ಮಾರ್ಚ್ 17ರಿಂದ ಎಸ್‌ಟಿ ಬಸ್ಸುಗಳಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್. ದಾರಿ ಅಗ್ಗವಾಗಿದೆ. ಆ ದಾರಿ ಎಲ್ಲಿಗೆ ಒಯ್ಯಬೇಕು ಎಂಬುದನ್ನು ಈಗ ಯೋಚಿಸಬೇಕಾಗಿದೆ.

ಬಸ್ಸೂ ಬೇಡ, ಶಿಖರವೂ ಬೇಡ

ಹೆಂಗಸರ ಪ್ರವಾಸ ಹೊಸದೇನಲ್ಲ. ವೀಣಾ ವರ್ಲ್ಡ್‌ನಂಥ ಮುಂಬಯಿಯ ಕಂಪನಿಗಳು ‘ವಿಮೆನ್ಸ್ ಸ್ಪೆಷಲ್’ ಹೆಸರಿನಲ್ಲಿ ದೇಶ-ವಿದೇಶ ಸುತ್ತಿಸುತ್ತಿವೆ. ನಮ್ಮ ಸಂಘಗಳೂ ವರ್ಷಕ್ಕೊಂದು ವಿಹಾರಕೂಟ ಮಾಡುತ್ತವೆ. ಬೆಳಿಗ್ಗೆ ಬಸ್ಸು, ದಾರಿಯಲ್ಲಿ ಅಂತ್ಯಾಕ್ಷರಿ, ಮಧ್ಯಾಹ್ನ ರಿಸಾರ್ಟಿನ ಊಟ, ಸಂಗೀತ ಕುರ್ಚಿ, ಬಹುಮಾನ, ಅಧ್ಯಕ್ಷರ ಭಾಷಣ, ರಾತ್ರಿ ಮನೆ. ಇದರಲ್ಲಿ ಖುಷಿಯಿಲ್ಲವೆನ್ನುವುದು ಸುಳ್ಳು. ಆದರೆ ಬಸ್ಸಿನ ಪ್ರವಾಸ ಕುಳಿತು ಮಾಡುವ ಪ್ರವಾಸ. ಕುಳಿತವರ ಪಕ್ಕದ ಸೀಟು ಬದಲಾಗದು, ಮಾತು ನಾಲ್ಕೈದು ಮಂದಿಯಲ್ಲೇ ಸುತ್ತುತ್ತದೆ, ಊರು ಗಾಜಿನಾಚೆ ಓಡಿ ಮರೆಯಾಗುತ್ತದೆ. ಆಷಾಢದಲ್ಲಿ ನಡೆಯುವ ‘ಆಟಿಡೊಂಜಿ ದಿನ’ವನ್ನೇ ನೋಡಿ. ಪತ್ರೊಡೆ, ಕಣಿಲೆ, ತಜಂಕ್‌ಗಳ ಹಳೆಯ ರುಚಿ ಉಳಿಸುವ ಒಳ್ಳೆಯ ಕಾರ್ಯಕ್ರಮ. ಹಿಂದಿನ ರಾತ್ರಿಯೇ ಎಲೆ ಸುತ್ತಿ ಬೇಯಿಸಿ ತರುವವರು ಮಾತ್ರ ಮಹಿಳಾ ವಿಭಾಗದವರೇ. ಸಂಭ್ರಮದ ದಿನವೂ ಅವರ ಪಾಲಿಗೆ ಅಡುಗೆಯ ದಿನ. ನಡಿಗೆಯಲ್ಲಿ ಈ ಎರಡೂ ತೊಂದರೆ ತಪ್ಪುತ್ತವೆ. ಹಾದಿ ಅಗಲವಾದಲ್ಲಿ ಇಬ್ಬರು ಜೊತೆ, ಕಿರಿದಾದಲ್ಲಿ ಒಬ್ಬರ ಹಿಂದೊಬ್ಬರು. ಗಂಟೆಗೊಮ್ಮೆ ಜೊತೆಗಾತಿ ಬದಲಾಗುತ್ತಾಳೆ. ಎದುರು ಕುಳಿತು ಹೇಳಲಾಗದ ಸಂಗತಿ ಪಕ್ಕದಲ್ಲಿ ನಡೆಯುವಾಗ ಸಲೀಸಾಗಿ ಬಾಯಿಗೆ ಬರುತ್ತದೆ. ಊಟವೋ, ಯಾರೋ ಬೇಯಿಸಿ ಬಡಿಸಿದ್ದು.

ಇನ್ನೊಂದು ತುದಿಯಲ್ಲಿ ಚಾರಣವಿದೆ. 2022ರಲ್ಲಿ ಪರ್ವತಾರೋಹಿ ಬಚೇಂದ್ರಿ ಪಾಲ್ ಅವರ ಮುಂದಾಳತ್ವದಲ್ಲಿ ಐವತ್ತು ದಾಟಿದ ಹೆಂಗಸರ ತಂಡವೊಂದು ಅರುಣಾಚಲದಿಂದ ಕಾರ್ಗಿಲ್‌ವರೆಗೆ ಹಿಮಾಲಯದ ಉದ್ದಕ್ಕೂ ಸುಮಾರು 4,800 ಕಿಲೋಮೀಟರು ಸಾಗಿತು. ಬೆಂಗಳೂರಿನ ವಸುಮತಿ ಶ್ರೀನಿವಾಸನ್, ಮೈಸೂರಿನ ಶ್ಯಾಮಲಾ ಪದ್ಮನಾಭನ್ ಆ ತಂಡದಲ್ಲಿದ್ದರು. ಅರುವತ್ತು ದಾಟಿದ ಕನ್ನಡತಿಯರ ಈ ಸಾಹಸ ತಲೆಬಾಗುವಂಥದ್ದೇ. ಆದರೆ ಸಾಹಸದ ಸುದ್ದಿಗೆ ಒಂದು ಅಡ್ಡಪರಿಣಾಮವಿದೆ. ಅದನ್ನು ಓದಿದ ಮಂಡಿನೋವಿನ ಹೆಂಗಸು ‘ಇದು ನಮ್ಮಂಥವರಿಗಲ್ಲ’ ಎಂದು ಪತ್ರಿಕೆ ಮಡಚಿಡುತ್ತಾಳೆ. ಮನೆಯಲ್ಲಿ ದಿನವೂ ಒಂದಲ್ಲ ಒಂದು ಪರೀಕ್ಷೆಗೆ ನಿಲ್ಲುವವಳಿಗೆ ರಜೆಯಲ್ಲೂ ಪರೀಕ್ಷೆ ಏಕೆ? ಸಹ್ಯಾದ್ರಿಯ ಕೋಟೆಗಳಿಗೆ ವಾರಾಂತ್ಯದಲ್ಲಿ ಏರುವ ತರುಣರ ಗುಂಪಿನಲ್ಲಿ ಹಿಂದೆ ಉಳಿದವರು ಕ್ಷಮೆ ಕೇಳುವ ಮುಖ ಮಾಡಿಕೊಂಡು ಬರುತ್ತಾರೆ. ನಿಧಾನ ನಡಿಗೆಯ ಕಟ್ಟಳೆ ಇದಕ್ಕೆ ವಿರುದ್ಧ: ಎಲ್ಲರಿಗಿಂತ ಮೆಲ್ಲಗೆ ನಡೆಯುವವಳು ಮುಂದೆ, ಉಳಿದವರು ಅವಳ ಹಿಂದೆ. ಈ ಒಂದು ನಿಯಮ ಪಾಲಿಸಿದರೆ ಎಪ್ಪತ್ತರ ಅಜ್ಜಿಯೂ ಬರಬಹುದು, ಮಂಡಿಗೆ ಪಟ್ಟಿ ಕಟ್ಟಿದವರೂ ಬರಬಹುದು.

ವಿಕ್ರೋಳಿಯವರಿಗೆ ಇಂಥ ನೆಲ ದೂರವಿಲ್ಲ. ತೀರ ಮೊದಲ ಪಾಠಕ್ಕೆ ಬಾಗಿಲ ಬಳಿಯೇ ಠಾಣೆ ಖಾರಿಯ ಅಂಚಿನ ಕಾಂಡ್ಲಾ ಕಾಡಿದೆ. ಗೋದ್ರೇಜ್ ಸಂಸ್ಥೆ ದಶಕಗಳಿಂದ ಕಾಪಾಡಿಕೊಂಡು ಬಂದ ಈ ಹಸಿರು, ವಿಕ್ರೋಳಿಯ ಎಷ್ಟೋ ಮನೆಗಳಿಗೆ ಹೆದ್ದಾರಿಯ ಆಚೆಗಿನ ಗೋಡೆಯಾಗಿ ಮಾತ್ರ ಗೊತ್ತು; ಅನುಮತಿ ಪಡೆದು ಗುಂಪಾಗಿ ಹೋದರೆ ಚಳಿಗಾಲದ ಬೆಳಗು ಹಕ್ಕಿಗಳ ಜೊತೆ ಕಳೆದೀತು. ಅದೇ ಖಾರಿಯ ಫ್ಲೆಮಿಂಗೊ ಅಭಯಾರಣ್ಯಕ್ಕೆ 2022ರಲ್ಲಿ ರಾಮ್ಸಾರ್ ಮನ್ನಣೆ ಸಿಕ್ಕಿದೆ. ಮೂರು ದಿನದ ರಜೆಗೆ ಮಾಥೆರಾನ್ ಇದೆ. ವಿಕ್ರೋಳಿಯಲ್ಲಿ ಸ್ಲೋ ಲೋಕಲ್ ಮಾತ್ರ ನಿಲ್ಲುವುದರಿಂದ ಠಾಣೆಯಲ್ಲಿ ಇಳಿದು ಕರ್ಜತ್ ಗಾಡಿ ಹಿಡಿದರೆ ನೇರಳ್. ಅಲ್ಲಿಂದ ಬೆಟ್ಟ ಹತ್ತುವ ಪುಟ್ಟ ರೈಲು 1907ರದು. ಸುಮಾರು 800 ಮೀಟರ್ ಎತ್ತರದ ಈ ಗಿರಿಧಾಮದೊಳಗೆ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ದಸ್ತುರಿ ನಾಕೆಯಲ್ಲಿ ಕಾರು ಬಿಟ್ಟವರೂ ನಡೆಯಲೇಬೇಕು, ಇಲ್ಲವೇ ಕುದುರೆಯನ್ನೋ ಈಚೆಗೆ ಬಂದ ಇ-ರಿಕ್ಷಾವನ್ನೋ ಹಿಡಿಯಬೇಕು. ಜಂಬಿಟ್ಟಿಗೆಯ ಕೆಂಪು ಹಾದಿ ಹೆಚ್ಚುಕಡಿಮೆ ಸಮತಟ್ಟು, ಮೇಲೆ ಮರಗಳ ಚಪ್ಪರ, ಎರಡು ಫರ್ಲಾಂಗಿಗೊಂದು ಕೂರುವ ಜಾಗ. ಹಾರ್ನ್ ಕೇಳದ ರಸ್ತೆ ಮುಂಬಯಿಯವರಿಗೆ ಅದೇ ಒಂದು ಔಷಧ. ಬೆಟ್ಟದ ಕೆಳಗೆ ಉಲ್ಹಾಸ್ ನದಿಯ ಬಯಲಿನಲ್ಲಿ ಕರ್ಜತ್ ಹಳ್ಳಿಗಳ ಬತ್ತದ ಗದ್ದೆ, ಏರಿನಲ್ಲಿ ಠಾಕೂರ್ ಆದಿವಾಸಿಗಳ ಪಾಡಾಗಳು (ಹಾಡಿಗಳು), ಅವರು ಬೆಳೆವ ರಾಗಿ, ಸಾಮೆ. ಅಕ್ಟೋಬರ್ ಕೊನೆಗೆ ಕೊಯ್ಲಿನ ಹೊತ್ತು. ಬದುವಿನ ಮೇಲೆ ನಡೆಯುವ ಅಭ್ಯಾಸ ಕರಾವಳಿಯ ಕಾಲುಗಳಿಗೆ ಹೊಸದಾಗಿ ಕಲಿಸಬೇಕಿಲ್ಲ.

ದಿಂಡಿ ಕಲಿಸುವ ಪಾಠ

ಗುಂಪಾಗಿ ನಡೆಯುವುದು ಪರದೇಶದ ಫ್ಯಾಷನ್ ಎಂದು ಯಾರಾದರೂ ಮೂಗು ಮುರಿದರೆ ಪಂಢರಪುರದ ಕಡೆ ಕೈ ತೋರಿಸಬೇಕು. ಆಳಂದಿ, ದೇಹೂಗಳಿಂದ ಹೊರಡುವ ವಾರಕರಿಗಳು ಸುಮಾರು 250 ಕಿಲೋಮೀಟರು ನಡೆದು ಆಷಾಢ ಏಕಾದಶಿಗೆ ಚಂದ್ರಭಾಗೆಯ ದಡ ಮುಟ್ಟುತ್ತಾರೆ. ಅವರಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿದ್ದಾರೆ, ತಲೆಯ ಮೇಲೆ ತುಳಸಿ ವೃಂದಾವನ ಹೊತ್ತ ಮುದುಕಿಯರಿದ್ದಾರೆ. ವಿಜಯಪುರ, ಕಲಬುರಗಿ ಕಡೆಯ ಕನ್ನಡತಿಯರೂ ವಿಠಲನ ಹಾದಿ ಹಿಡಿಯುತ್ತಾರೆ. ಯುಗಾದಿಗೆ ಶ್ರೀಶೈಲಕ್ಕೆ ನಡೆಯುವ ಉತ್ತರ ಕರ್ನಾಟಕದ ಭಕ್ತರ ಸಾಲಿನಲ್ಲೂ ಹೆಂಗಸರಿದ್ದಾರೆ. ಹನ್ನೆರಡನೆಯ ಶತಮಾನದಲ್ಲಿ ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದ ಅಕ್ಕಮಹಾದೇವಿಯ ನೆನಪು ಆ ದಾರಿಯದು. ಭಕ್ತಿಯನ್ನು ಪಕ್ಕಕ್ಕಿಟ್ಟು ಪಂಢರಪುರದ ನಡಿಗೆಯಾದ ವಾರಿಯ ಏರ್ಪಾಟನ್ನಷ್ಟೇ ಗಮನಿಸಿ. ನಡೆಯುವವರು ದಿಂಡಿಗಳೆಂಬ ಗುಂಪುಗಳಾಗಿ ಹಂಚಿಹೋಗುತ್ತಾರೆ. ಒಂದು ದಿಂಡಿಯಲ್ಲಿ ಎಲ್ಲರೂ ಪರಿಚಿತರು. ಗಂಟುಮೂಟೆ ಲಾರಿಯಲ್ಲಿ ಮುಂದೆ ಹೋಗುತ್ತದೆ. ಮುಕ್ಕಾಮಿನ ಊರು, ವಿಶ್ರಾಂತಿಯ ಜಾಗ, ಊಟದ ಹೊತ್ತು ಎಲ್ಲ ಮೊದಲೇ ನಿಗದಿ. ಕಾಲು ಸೋತವರನ್ನು ಕೈಬಿಡುವುದಿಲ್ಲ, ಹಾಡು ನಿಲ್ಲುವುದಿಲ್ಲ. ಯುರೋಪಿನ ಪ್ರವಾಸ ಸಂಸ್ಥೆಗಳು ಈಗ ದುಬಾರಿ ದರಕ್ಕೆ ಮಾರುವ ನಡಿಗೆ ರಜೆಯ ಗುಟ್ಟೆಲ್ಲ ಇಷ್ಟೇ: ಬರಿಗೈಯಲ್ಲಿ ನಡಿಗೆ, ಮುಂದೆ ತಲುಪಿದ ಸಾಮಾನು, ಗೊತ್ತಾದ ಗುಂಪು. ಅದನ್ನು ದಿಂಡಿಗಳು ತಲೆಮಾರುಗಳಿಂದ ನಡೆಸಿಕೊಂಡು ಬಂದಿವೆ. ಭಜನೆಗೆ ಕೂಡುವ ಮಹಿಳಾ ಮಂಡಳಿಯನ್ನು ನಡಿಗೆಗೆ ಕೂಡಿಸುವುದು ಆದ್ದರಿಂದ ಎಟುಕದ ಕೆಲಸವಲ್ಲ.

ಇನ್ನು ಆಕ್ಷೇಪಗಳು. ಮುಂಬಯಿಯ ಹೆಂಗಸು ದಿನವೂ ಬೇಕಾದಷ್ಟು ನಡೆಯುತ್ತಾಳಲ್ಲ, ಸ್ಟೇಷನ್ನಿನ ಸೇತುವೆ ಹತ್ತಿ ಇಳಿಯುವುದೇ ಒಂದು ಚಾರಣವಲ್ಲವೇ ಎಂಬುದು ಮೊದಲನೆಯದು. ಕೆಲಸಕ್ಕೆ ಹೋಗುವವಳ ಮಟ್ಟಿಗೆ ಇದು ನಿಜ. ಆದರೆ 8.40ರ ಗಾಡಿ ಹಿಡಿಯಲು ಓಡುವ ಕಾಲಿಗೂ ಗದ್ದೆಯ ಬದುವಿನಲ್ಲಿ ನಿಂತು ಹಕ್ಕಿ ನೋಡುವ ಕಾಲಿಗೂ ವ್ಯತ್ಯಾಸವಿದೆ. ಒಂದರಲ್ಲಿ ದೇಹ ಗಡಿಯಾರದ ಆಳು, ಇನ್ನೊಂದರಲ್ಲಿ ತನಗೆ ತಾನೇ ಒಡತಿ. ಎರಡನೆಯ ಆಕ್ಷೇಪ, ಹೆಂಗಸರದೇ ಗುಂಪು ಏಕೆ, ಸಂಸಾರ ಸಮೇತ ಹೋದರಾಗದೇ ಎಂದು. ಹೋಗಲಿ, ಯಾರು ಬೇಡವೆಂದರು? ಆದರೆ ಸಂಸಾರ ಜೊತೆಗಿದ್ದರೆ ಮಾತ್ರೆ ಯಾರದು, ಟವೆಲ್ ಯಾರದು ಎಂದು ನೆನಪಿಡುವ ಕೆಲಸವೂ ಜೊತೆಗೇ ಬರುತ್ತದೆ. ಲಂಡನ್ನಿನ ಪರ್ವತಾರೋಹಿಗಳ ಆಲ್ಪೈನ್ ಕ್ಲಬ್ ಹೆಂಗಸರನ್ನು ಸೇರಿಸಿಕೊಳ್ಳದೆ ಇದ್ದಾಗ, ಮಾಥೆರಾನ್ ರೈಲು ಓಡಿದ ಅದೇ 1907ರಲ್ಲಿ, ಅವರು ಲೇಡೀಸ್ ಆಲ್ಪೈನ್ ಕ್ಲಬ್ ಕಟ್ಟಿಕೊಂಡರು. 1975ರಲ್ಲಿ ಎರಡೂ ಒಂದಾದವು. ಅಷ್ಟು ದೂರ ಏಕೆ, 1992ರ ಮೇ 5ರಂದು ಚರ್ಚ್‌ಗೇಟ್-ಬೊರಿವಲಿ ನಡುವೆ ಮೊದಲ ಲೇಡೀಸ್ ಸ್ಪೆಷಲ್ ಲೋಕಲ್ ಹೊರಟಾಗ ಅದು ಗಂಡಸರ ಮೇಲಿನ ಹಗೆಯಿಂದ ಹೊರಟದ್ದಲ್ಲ. ಲೇಡೀಸ್ ಡಬ್ಬಿಯಲ್ಲಿ ಸೊಪ್ಪು ಬಿಡಿಸುತ್ತ, ಭಿಷಿ (ಚೀಟಿ) ಹಾಕುತ್ತ, ಹುಟ್ಟುಹಬ್ಬ ಆಚರಿಸುತ್ತ ಬೆಳೆದ ಗೆಳೆತನಗಳು ಈ ನಗರದ ದೊಡ್ಡ ಸಂಪತ್ತು. ನಡಿಗೆಯ ಗುಂಪು ಅದೇ ಗೆಳೆತನಕ್ಕೆ ಇಕ್ಕಟ್ಟಿಲ್ಲದ ಜಾಗ ಕೊಡುತ್ತದೆ.

ಮೂರನೆಯದು ಸುರಕ್ಷತೆ. ಇದನ್ನು ಹಗುರವಾಗಿ ತಳ್ಳುವಂತಿಲ್ಲ. ಒಂಟಿ ಹೆಂಗಸಿಗೆ ಹಳ್ಳಿಗಾಡಿನ ಹಾದಿ ಅಳುಕು ತಂದರೆ ಅದಕ್ಕೆ ಗುಂಪೇ ಮದ್ದು. ಜೊತೆಗೆ ಊರಿನವರೇ ಆದ ದಾರಿ ತೋರುವವರೊಬ್ಬರು ಇರಬೇಕು. ಮನುಷ್ಯರಿಗಿಂತ ಹೆಚ್ಚು ಹೆದರಬೇಕಾದದ್ದು ಮಳೆಗೆ. 2023ರ ಜುಲೈನಲ್ಲಿ ಕರ್ಜತ್ ಪಕ್ಕದ ಖಾಲಾಪುರ ತಾಲ್ಲೂಕಿನ ಇರ್ಶಾಳವಾಡಿಯ ಮೇಲೆ ಗುಡ್ಡ ಕುಸಿದು ಒಂದು ಹಾಡಿಯೇ ಮಣ್ಣಾಯಿತು. 2024ರ ಜೂನ್ 30ರಂದು ಲೋಣಾವಳದ ಭೂಶಿ ಅಣೆಕಟ್ಟಿನ ಬಳಿ ವಿಹಾರಕ್ಕೆ ಬಂದ ಒಂದೇ ಕುಟುಂಬದ ಐವರು ನೀರುಪಾಲಾದರು. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಲಪಾತದ ಮೋಹ ಬಿಟ್ಟು, ನವೆಂಬರ್-ಫೆಬ್ರವರಿಯನ್ನು ನಡಿಗೆಗೆ ಇಟ್ಟುಕೊಳ್ಳಬೇಕು. ನಾಲ್ಕನೆಯ ತೊಡಕನ್ನು ಯಾರೂ ಸಭೆಯಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ: ಶೌಚಾಲಯ. ಮುಂಬಯಿಯಲ್ಲಿ 2011ರಲ್ಲಿ ಶುರುವಾದ ‘ರೈಟ್ ಟು ಪೀ’ ಚಳವಳಿ ಈ ಸಂಕೋಚವನ್ನು ಬೀದಿಗೆ ತಂದು ಮುರಿಯಿತು. ಹೊರಗೆ ಹೋಗುವ ದಿನ ನೀರೇ ಕುಡಿಯದ ಹೆಂಗಸರಿಗೆ ನಡಿಗೆ ಆರೋಗ್ಯ ಕೊಡಲಾರದು, ಕಾಯಿಲೆ ಕೊಟ್ಟೀತು. ಹಾದಿಯನ್ನು ನೋಟದ ಅಂದಕ್ಕಿಂತ ಮೊದಲು ಶೌಚಾಲಯಗಳ ಅಂತರ ನೋಡಿ ಆರಿಸಬೇಕು. ಎರಡು ಗಂಟೆಗೊಂದು ಶುಚಿಯಾದ ಜಾಗ ಸಿಗದ ದಾರಿ ಎಷ್ಟೇ ಚೆಲುವಾಗಿದ್ದರೂ ಈ ಗುಂಪಿಗೆ ತಕ್ಕದ್ದಲ್ಲ.

ಕೊಡ ಹೊತ್ತವರ ಹಾದಿಯಲ್ಲಿ

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಐದನೆಯದು. ಹಳ್ಳಿಯ ಹೆಂಗಸು ನೀರಿಗೆ, ಸೌದೆಗೆ ಮೈಲಿಗಟ್ಟಲೆ ನಡೆಯುವ ಹಾದಿಯಲ್ಲಿ ನಗರದ ಹೆಂಗಸು ಮೋಜಿಗೆ ನಡೆಯುವುದು ಅಣಕವಾಗದೇ? ವಿಕ್ರೋಳಿಯವರಿಗೆ ಈ ಪ್ರಶ್ನೆ ಇನ್ನಷ್ಟು ಚುಚ್ಚಬೇಕು. ಮುಂಬಯಿಯ ನಲ್ಲಿಗಳಿಗೆ ಬರುವ ನೀರಿನ ಹೆಚ್ಚುಕಡಿಮೆ ಅರ್ಧ ಭಾತ್ಸಾ ಜಲಾಶಯದ್ದು. ಭಾತ್ಸಾ, ತಾನ್ಸಾಗಳಿರುವುದು ಠಾಣೆ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿ, ನಮ್ಮದೇ ಕಸಾರಾ ಲೈನಿನ ಆಸನ್‌ಗಾಂವ್, ಖರ್ಡಿ ಸ್ಟೇಷನ್ನುಗಳ ಆಸುಪಾಸಿನಲ್ಲಿ. ಕೋಟ್ಯಂತರ ಜನರಿಗೆ ನೀರು ಕೊಡುವ ಆ ತಾಲ್ಲೂಕಿನ ಎಷ್ಟೋ ಪಾಡಾಗಳು ಬೇಸಗೆಯಲ್ಲಿ ಟ್ಯಾಂಕರಿಗೆ ಕಾಯುತ್ತವೆ, ಅಲ್ಲಿನ ಹೆಂಗಸರು ಬತ್ತಿದ ಬಾವಿಗೆ ಕೊಡ ಹೊತ್ತು ಇಳಿಯುತ್ತಾರೆ. ಈ ಸಂಕಟಕ್ಕೆ ಉತ್ತರವೆಂದು ಮನೆಯಲ್ಲೇ ಕುಳಿತರೆ ಆ ಕೊಡದ ಭಾರವೇನೂ ಇಳಿಯದು. ರಿಸಾರ್ಟಿನ ಕಂಪೌಂಡಿನೊಳಗೆ ಈಜುಕೊಳ ತುಂಬಿಸಿಕೊಂಡು ಕಳೆಯುವ ರಜೆಗಿಂತ, ಆ ಹಾದಿಯಲ್ಲೇ ನಡೆದು ಬಾವಿಯನ್ನು ಕಣ್ಣಾರೆ ಕಂಡ ರಜೆ ಮೇಲು. ಬಾವಿ ಕಂಡವರು ತಮ್ಮ ನಲ್ಲಿ ತಿರುಗಿಸುವಾಗ ಲೆಕ್ಕ ಹಾಕಿಯಾರು. ಮತ ಕೇಳಲು ಬಂದವರನ್ನು ಪ್ರಶ್ನಿಸಿಯಾರು. ಹಾಗೆಂದು ಬರಿಯ ಅನುಕಂಪ ಸಾಲದು. 2020ರಲ್ಲಿ ಮಹಾರಾಷ್ಟ್ರ ಸರ್ಕಾರ ಕೃಷಿ ಪ್ರವಾಸೋದ್ಯಮ ನೀತಿ ತಂದ ಮೇಲೆ ರೈತರ ಮನೆಗಳು ಅತಿಥಿಗಳನ್ನು ಇಟ್ಟುಕೊಳ್ಳುವುದಕ್ಕೆ ನೋಂದಣಿಯ ದಾರಿ ತೆರೆದಿದೆ. ಉಳಿಯುವುದು ಅಂಥ ಮನೆಗಳಲ್ಲಿ, ಪಿಠಲೆ-ಭಾಕರಿ ಬೇಯಿಸಿದ ಹೆಂಗಸಿಗೆ ಚೌಕಾಸಿಯಿಲ್ಲದ ಹಣ ನೇರವಾಗಿ ಅವಳ ಕೈಗೆ, ಗುಂಪು ಹನ್ನೆರಡಕ್ಕಿಂತ ದೊಡ್ಡದಾಗದಂತೆ ಮಿತಿ, ಬೇಸಗೆಯಲ್ಲಿ ಆ ಕಡೆ ಹೋಗಿ ಅವರ ನೀರಿಗೆ ಪಾಲುದಾರರಾಗದಿರುವ ಎಚ್ಚರ. ಇಷ್ಟಿದ್ದರೆ ನಡಿಗೆ ಅಣಕವಾಗುವುದಿಲ್ಲ, ಪರಿಚಯವಾಗುತ್ತದೆ.

ಬಿಡುವುಳ್ಳ ಮಧ್ಯಮ ವರ್ಗದವರಿಗಷ್ಟೇ ಇದು ಸಾಧ್ಯ ಎಂಬ ಮಾತು ಉಳಿಯುತ್ತದೆ. ಅದರಲ್ಲಿ ಸತ್ಯಾಂಶವಿದೆ, ಮನೆಗೆಲಸಕ್ಕೆ ಹೋಗುವವಳಿಗೆ ಮೂರು ದಿನದ ಸಂಬಳ ಕಳೆದುಕೊಳ್ಳುವುದು ಸುಲಭವಲ್ಲ. ಆದರೆ ಲೋಕಲ್‌ನ ಸೆಕೆಂಡ್ ಕ್ಲಾಸ್ ಟಿಕೆಟ್ಟು, ಅರ್ಧ ದರದ ಎಸ್‌ಟಿ, ಹಳ್ಳಿಯ ಸಾದಾ ಊಟ ಸೇರಿಸಿದರೂ ಈ ರಜೆಯ ಖರ್ಚು ರಿಸಾರ್ಟಿನ ಒಂದು ರಾತ್ರಿಗಿಂತ ಕಡಿಮೆಯೇ ಬರುತ್ತದೆ. ಸಂಘದ ನಿಧಿಯಿಂದ ಪ್ರತಿ ಗುಂಪಿನಲ್ಲಿ ಎರಡು ಜಾಗ ಇಂಥವರಿಗೆ ಮೀಸಲಿಡುವುದು ದೊಡ್ಡ ಹೊರೆಯಲ್ಲ.

ವಿಕ್ರೋಳಿಯಲ್ಲಿ ಕನ್ನಡ ಸಂಘವಿದೆ. ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮಿನ ಕರ್ನಾಟಕ ಸಂಘ, ಬಂಟರ ಸಂಘ, ಬಿಲ್ಲವರ ಅಸೋಸಿಯೇಷನ್, ಲೇಖಕಿಯರ ‘ಸೃಜನಾ’ ಬಳಗ ಹೀಗೆ ಮುಂಬಯಿ ಕನ್ನಡಿಗರ ಸಂಸ್ಥೆಗಳಿಗೆ ಲೆಕ್ಕವಿಲ್ಲ. ಯಾರ ಮಗಳು, ಯಾರ ಸೊಸೆ ಎಂದು ಗೊತ್ತಿರುವ ಈ ಬಳಗಗಳು ಕರೆದರೆ ಮನೆಯ ಹಿರಿಯರು ಬೇಡವೆನ್ನುವುದಿಲ್ಲ. ಯಾವ ಟೂರ್ ಕಂಪನಿಗೂ ಇಲ್ಲದ ಬಂಡವಾಳ ಅದು. ಜನವರಿಯ ಹಳದಿ-ಕುಂಕುಮಕ್ಕೆ ಸಭಾಗೃಹ ಗೊತ್ತುಮಾಡುವ ಮುನ್ನ ಮಹಿಳಾ ವಿಭಾಗದ ಪದಾಧಿಕಾರಿಗಳು ಈ ವರ್ಷ ಒಂದು ಬಾರಿ ನಡಿಗೆಗೆ ಹೆಸರು ಬರೆಸಿಕೊಂಡು ನೋಡಲಿ. ಮೊದಲ ಪಟ್ಟಿಯಲ್ಲಿ ಆರೇ ಹೆಸರು ಬಂದರೂ ಹೊರಡಲಿ. ಮನೆಯಲ್ಲಿ ಉಳಿಯುವ ಗಂಡಸರಿಗೆ ಮೂರು ದಿನ ಅನ್ನ-ಸಾರು ಮಾಡಿಕೊಳ್ಳುವುದು ಬರುತ್ತದೆ; ಮುಂಬಯಿಯ ಹೋಟೆಲುಗಳ ಅಡುಗೆಮನೆಯನ್ನು ಮೂರು ತಲೆಮಾರು ನಡೆಸಿದ್ದು ಅವರೇ ಅಲ್ಲವೇ?